ಹಳ್ಳಕ್ಕೆ ಚೆಲ್ಲಿದ್ದನ್ನು ಮನೆಗೆ ತಂದುಕೊಟ್ಟವಳು

ಮೊಮ್ಮಕ್ಕಳೇ, ನಮ್ಮ ಓಣಿಯ ಮೂಲೆಯ ಲೈಟಿನ ಕಂಬಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ನೀವು ದೀಪಾವಳಿ ರಜೆಗೆ ಹುಬ್ಬಳ್ಳಿಯಿಂದ ಬರುವಷ್ಟರಲ್ಲಿ ಅದು ಗಾಳಿಗೆ ಹರಿದಿರುತ್ತದೆ. ಅದಕ್ಕೇ ಈಗಲೇ ಹೇಳುತ್ತೇನೆ. ಮೇಲೆ ದೊಡ್ಡದಾಗಿ ಭಾವಪೂರ್ಣ ಶ್ರದ್ಧಾಂಜಲಿ ಎಂದಿದೆ. ನಡುವೆ, ನೀವು ಮಗ್ಗದಾಯಿ ಎಂದು ಕರೆಯುತ್ತಿದ್ದವಳ ಫೋಟೋ. ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದ ಮುಖ. ಪಕ್ಕದಲ್ಲಿದ್ದವರ ಭುಜದ ಚೂರು ಇನ್ನೂ ಅಂಟಿಕೊಂಡಿದೆ. ಕೆಳಗೆ ಆಕೆಯ ಮುಖಕ್ಕಿಂತ ದೊಡ್ಡ ಮುಖ ಮಾಡಿಕೊಂಡು ಕೈ ಮುಗಿದು ನಿಂತವನು ನಮ್ಮ ಓಣಿಯಿಂದ ಪುರಸಭೆಗೆ ಆರಿಸಿ ಹೋದ ಮೆಂಬರ. "ಓಣಿಯ ಹಿರಿಯ ಜೀವ, ಸ್ವಚ್ಛತೆಯ ದಾರಿದೀಪ" ಎಂದು ಬರೆಸಿದ್ದಾನೆ.

ಅದನ್ನು ಓದಿದ ದಿನ ಸಿಟ್ಟಿಗೆ ನನಗೆ ಊಟ ಸೇರಲಿಲ್ಲ. ಮೆಂಬರನನ್ನು 'ಅವನು' ಎಂದು ಬರೆಯುತ್ತಿದ್ದೇನೆ, ನಿಮ್ಮ ಅಪ್ಪನಿಗೆ ಇದು ಸರಿ ಕಾಣಲಿಕ್ಕಿಲ್ಲ. ಕಾಣದಿದ್ದರೆ ಇರಲಿ. ನಾಲ್ಕು ಜನರ ಮುಂದೆ ನಿಂತು ಮಾತಾಡಲು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ತವರೂರು ಚಿಮ್ಮಡದ ಸಾಲೆಯಲ್ಲಿ ಕಲಿತ ಅಕ್ಷರವಿದೆ, ಮಧ್ಯಾಹ್ನ ಎಲ್ಲರೂ ಮಲಗಿದಾಗ ಸಮಯವಿದೆ. ಆಕೆಯ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅದು ಆ ಫ್ಲೆಕ್ಸಿನ ಮೇಲೆ ಇದೆ, ಅಲ್ಲಿದ್ದಷ್ಟು ಸಾಕು.

ಆಕೆ ಬಹಳ ಒಳ್ಳೆಯ ಹೆಂಗಸು ಎಂದು ಬರೆದರೆ ಆಕೆಯೇ ಎದ್ದು ಬಂದು ನನ್ನನ್ನು ಬಯ್ದಾಳು. ಬಾಯಿ ಕೆಟ್ಟದ್ದು, ಕೈ ಬಿಗಿ. ಸಕ್ಕರೆ ಕಡ ಕೇಳಲು ಹೋದರೆ "ಬೆಲ್ಲಾ ತಿನ್ನ ಬೇ, ಮೈ ಗಟ್ಟಿ ಆಗತೈತಿ" ಎಂದು ಬರಿಗೈಯಲ್ಲಿ ಕಳಿಸುತ್ತಿದ್ದಳು, ಬೆಲ್ಲವನ್ನೂ ಕೊಡುತ್ತಿರಲಿಲ್ಲ. ನಿಮ್ಮ ಚೆಂಡು ಆಕೆಯ ಅಂಗಳಕ್ಕೆ ಬಿದ್ದರೆ ಅದು ಮರಳಿ ಬಂದದ್ದು ನೀವು ಯಾರೂ ಕಂಡಿಲ್ಲ. ಕೆಳದುಟಿಯ ಒಳಗೆ ಸದಾ ತಂಬಾಕು. ಮಾತಾಡುವ ಮೊದಲು ನಾಲಿಗೆಯಿಂದ ಅದನ್ನು ಒಂದು ಬದಿಗೆ ಸರಿಸುತ್ತಿದ್ದಳು. ಆ ತುಟಿ ಸರಿದರೆ ಯಾರಿಗೋ ಇವತ್ತು ಗ್ರಹಚಾರ ಎಂದು ಓಣಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ನಾನು ಮದುವೆಯಾಗಿ ಈ ಓಣಿಗೆ ಬಂದಾಗ ನಳದ ಹತ್ತಿರ ಆಕೆ ನನ್ನನ್ನು ಊರು ಕೇಳಿದಳು. ಹೇಳಿದೆ. ತಂದೆಯ ಕೆಲಸ ಕೇಳಿದಳು. ತಲೆ ತಗ್ಗಿಸಿ ನಿಂತೆ.

"ಏನ ಬೇ, ಚಿಮ್ಮಡದಾಗ ಮಾತೂ ರೇಶನ್ನಿನ್ಯಾಗ ಕೊಡ್ತಾರೇನ? ತಿಂಗಳಿಗಿ ಇಷ್ಟ ಅಂತ?"

ನಳದ ಹತ್ತಿರ ಇದ್ದವರೆಲ್ಲ ನಕ್ಕರು. ಅಂದಿನಿಂದ ನಾನು ಆಕೆಗೆ 'ಮೂಕಿ'. ಆಕೆ ನನಗೆ 'ಅಕ್ಕಾ'. ಕೊನೆಯ ತನಕ ಹಾಗೇ ನಡೆಯಿತು.

ನಿಮ್ಮ ಅಜ್ಜ ತೀರಿದಾಗ ಬಂದವರೆಲ್ಲ ನನ್ನ ಕೊರಳಿಗೆ ಬಿದ್ದು ಅತ್ತರು. ಆಕೆ ಅಳಲಿಲ್ಲ. ಕೈಯಲ್ಲಿ ರೊಟ್ಟಿ ತುರುಕಿ "ಉಣ್ಣ. ಅಳಾಕ ಸುದ್ದಾ ತ್ರಾಣ ಬೇಕ" ಎಂದು ಹೇಳಿ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಆಕೆಯ ಮಗ್ಗದ ಸದ್ದು ಶುರುವಾಯಿತು. ಸಾವಿನ ಮನೆಯ ಪಕ್ಕದಲ್ಲಿ ಒಂದು ದಿನ ಕೂಡ ನಿಲ್ಲಿಸಬಾರದೇ ಎಂದು ನನಗೆ ಕೆಟ್ಟೆನಿಸಿತ್ತು. ಆ ಮೇಲೆ ಎಷ್ಟೋ ತಿಂಗಳು ನನ್ನ ಮನೆಯಲ್ಲಿ ಇದ್ದ ಸದ್ದು ಅದೊಂದೇ.

ಆ ಮಗ್ಗದ ಬಗ್ಗೆ ಹೇಳಬೇಕು, ಯಾಕೆಂದರೆ ಉಳಿದದ್ದೆಲ್ಲ ಅದರಿಂದಲೇ ಶುರುವಾದದ್ದು. ಓಣಿಯವರೆಲ್ಲ ಕರೆಂಟಿನ ಮಗ್ಗ ಹಾಕಿಕೊಂಡ ಮೇಲೂ ಆಕೆ ಕುಣಿಮಗ್ಗ ಬಿಡಲಿಲ್ಲ. ನೆಲದಲ್ಲಿ ತಗ್ಗು ತೋಡಿ, ಅದರ ಅಂಚಿನ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ ನೇಯುವ ಮಗ್ಗ. ಮನೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಜಾಗ ಆ ತಗ್ಗು. ಓಣಿಯಲ್ಲಿ ಎಲ್ಲಿ ನೀರು ನಿಂತರೂ ಮೊದಲು ಅಲ್ಲಿ ಜಿನುಗುತ್ತದೆ. ನೀರು ಬಂದರೆ ಮಗ್ಗ ನಿಲ್ಲುತ್ತದೆ. ಹಾಸಿದ ನೂಲು ತೇವ ಹಿಡಿದು ಹರಿಯುತ್ತದೆ. ಆಕೆಗೆ ಗಂಡ ಬಹಳ ಹಿಂದೆಯೇ ಹೋಗಿದ್ದ. ಮಕ್ಕಳಿಲ್ಲ. ಮುಧೋಳದಲ್ಲಿ ತಮ್ಮನ ಮಗ ಒಬ್ಬ, ಹಬ್ಬಕ್ಕೊಮ್ಮೆ ಮುಖ ತೋರಿಸುವವನು. ಒಲೆ ಹೊತ್ತುವುದು ಮಗ್ಗದಿಂದಲೇ. ಆ ತಗ್ಗು ಒಣಗಿರಬೇಕು, ಆಕೆ ಈ ಊರಿನಿಂದ ಬೇಡಿದ್ದು ಇಷ್ಟೇ. ಇಷ್ಟನ್ನು ಈ ಊರು ಆಕೆಗೆ ಕೊಡಲಿಲ್ಲ.

ಓಣಿಯ ಹಿಂದೆ ಹಳ್ಳ. ನೀವು ಅದನ್ನು ಗಟಾರ ಎಂದುಕೊಂಡಿದ್ದೀರಿ. ಅದು ಹಳ್ಳ. ಮೊದಲು ನಮ್ಮ ಕಡೆ ಎಲ್ಲ ಮನೆಗಳೂ ಕಲ್ಲು ಮಣ್ಣಿನವು. ಮೇಲೆ ಕಟ್ಟಿಗೆಯ ಜಂತಿ, ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆ. ಅಂಥ ಮನೆಯನ್ನು ಬಿಚ್ಚುತ್ತಿದ್ದರು, ನಾವು ಹಾಸಿಗೆ ಬಿಚ್ಚಿ ತೊಳೆದು ಮತ್ತೆ ಹೊಲಿಯುತ್ತೇವಲ್ಲ ಹಾಗೆ. ಜಂತಿ, ಕಂಬ, ಬಾಗಿಲು ಹೊಸ ಮನೆಗೆ. ಕಲ್ಲು ಹೊಸ ಪಾಯಕ್ಕೆ. ಗೋಡೆಯ ಹಳೆ ಮಣ್ಣನ್ನು ನಮ್ಮ ಚಿಮ್ಮಡದ ರೈತರು ಗಾಡಿ ಹೂಡಿಕೊಂಡು ಬಂದು ಹೊಲಕ್ಕೆ ಒಯ್ಯುತ್ತಿದ್ದರು, ಅದು ಗೊಬ್ಬರವಿದ್ದಂತೆ. ಕೊನೆಗೆ ಉಳಿದ ಕೆಲವು ಬುಟ್ಟಿ ಮಣ್ಣನ್ನು ಹಳ್ಳಕ್ಕೆ ಚೆಲ್ಲಿದರೆ ಮೊದಲ ಮಳೆಗೆ ಕರಗಿ ಹೋಗುತ್ತಿತ್ತು. ಇದರಲ್ಲಿ ತಪ್ಪಿರಲಿಲ್ಲ. ನಮ್ಮ ಅತ್ತೆಯೂ ಚೆಲ್ಲಿದ್ದಾರೆ, ನಾನೂ ಚೆಲ್ಲಿದ್ದೇನೆ.

ಆಮೇಲೆ ಸಿಮೆಂಟು ಬಂತು, ಸ್ಲ್ಯಾಬು ಬಂತು, ಟೈಲ್ಸ್ ಬಂತು. ಮನೆಗಳು ಬದಲಾದವು, ಚೆಲ್ಲುವ ಕೈ ಮಾತ್ರ ಹಳೆಯದೇ ಉಳಿಯಿತು. ಒಡೆದ ಸ್ಲ್ಯಾಬನ್ನು ಹಳ್ಳಕ್ಕೆ ಹಾಕಿ "ಮಳಿ ಬಂದ್ರ ಹೋಗತೈತಿ ಬಿಡ್ರಿ" ಎನ್ನುತ್ತಿದ್ದರು. ಓದಿದವರೂ ಎನ್ನುತ್ತಿದ್ದರು. ಮಣ್ಣು ಕರಗಿದಂತೆ ಕಾಂಕ್ರೀಟೂ ಕರಗುತ್ತದೆ ಎಂದು ಇಡೀ ಊರು ನಂಬಿಕೊಂಡು ಕೂತಿತ್ತು, ಅಥವಾ ನಂಬಿದ ಹಾಗೆ ಮಾಡುತ್ತಿತ್ತು.

ಬಜಾರದ ರಸ್ತೆ ಅಗಲ ಮಾಡಲು ಎರಡೂ ಬದಿಯ ಮನೆ ಅಂಗಡಿಗಳ ಮುಖ ಕೊಯ್ದ ವರ್ಷ ಟ್ರ್ಯಾಕ್ಟರುಗಳು ನಮ್ಮ ಓಣಿಗೆ ತಿರುಗಿದವು. ಹಗಲೆಲ್ಲ ಬರುತ್ತಿದ್ದವು. ಓಣಿಯ ತುದಿಯಲ್ಲಿ ಹಿಂದಕ್ಕೆ ಸರಿದು, ಟ್ರೇಲರ್ ಎತ್ತಿ, ಹಳ್ಳಕ್ಕೆ ಗಡಗಡ ಸುರಿದು ಹೋಗುತ್ತಿದ್ದವು. ಟ್ರ್ಯಾಕ್ಟರು ಮೆಂಬರನದು. ಊರ ಹೊರಗೆ ಒಯ್ದರೆ ಡೀಸೆಲ್ ಖರ್ಚು; ನಮ್ಮ ಹಳ್ಳ ಹತ್ತಿರ. ಇದರಲ್ಲಿ ಗುಟ್ಟೇನೂ ಇರಲಿಲ್ಲ. ಎಲ್ಲರ ಕಣ್ಣೆದುರಿಗೆ ನಡೆಯಿತು.

ಆ ಮಳೆಗಾಲದಲ್ಲಿ ಹಳ್ಳದ ನೀರು ಸ್ಲ್ಯಾಬುಗಳಿಗೆ ಬಡಿದು ಮರಳಿ ಓಣಿಗೆ ಬಂತು. ನಾನು ಆಕೆಯ ಮನೆಗೆ ಹೋದಾಗ ಆಕೆ ಮಗ್ಗದ ತಗ್ಗಿನೊಳಗೆ ಇಳಿದು ನಿಂತು ತಂಬಿಗೆಯಿಂದ ನೀರು ಗೋರಿ ಕೊಡಕ್ಕೆ ಹಾಕುತ್ತಿದ್ದಳು. ಕೊಡ ತುಂಬಿದರೆ ನಾನು ಹೊರಗೆ ಒಯ್ದು ಚೆಲ್ಲಿ ಬರುವುದು. ಚೆಲ್ಲಿ ಬರುವಷ್ಟರಲ್ಲಿ ಮತ್ತೆ ಅಷ್ಟೇ ನೀರು.

"ಏ ಮೂಕಿ, ಈ ನೀರಾಗ ಕಾಲ ಇಳಿಬಿಟ್ಟ ನೇಯಾಕ ನಾ ಏನ ಎಮ್ಮಿ ಏನ ಬೇ?"

"ಮಳಿ ನಿಂತ ಮ್ಯಾಲ ಇಳಿತೈತಿ ಬಿಡ ಅಕ್ಕಾ."

"ಮಳಿ ನೀರ ಅಲ್ಲ ಇದು. ನಾ ಗಲಗಲಿ ಹೊಳಿದಂಡಿ ಹೆಣ್ಣ. ಹೊಳಿ ಏರಿ ಮನಿ ಬಾಗಲಕ ಬಂದದ್ದ ಕಂಡೇನಿ. ಹೊಳಿಗಿ ಬರೂದೂ ಗೊತ್ತೈತಿ, ಹೋಗೂದೂ ಗೊತ್ತೈತಿ. ಈ ನೀರಿಗಿ ಹೋಗಾಕ ಹಾದಿ ಇಲ್ಲ. ಹಾದ್ಯಾಗ ಆ ಮೆಂಬರ ಕುಂತಾನ."

ಮಳೆ ನಿಂತ ಮೇಲೆ ಆಕೆ ಹಳ್ಳಕ್ಕೆ ಇಳಿದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಡೆದ ತುಂಡುಗಳನ್ನು ಮಗುಚಿ ಮಗುಚಿ ನೋಡಿದಳು. ಗುಜರಿಯವರು ಕಬ್ಬಿಣದ ಸಳಿಯನ್ನು ಆಗಲೇ ಕಿತ್ತು ಒಯ್ದಿದ್ದರು. ದುಡ್ಡು ಬರುವುದನ್ನು ಯಾರೂ ಹಳ್ಳದಲ್ಲಿ ಬಿಡುವುದಿಲ್ಲ. ಉಳಿದದ್ದು ಬಣ್ಣ ಬಳಿದ ಗಚ್ಚು, ಇಟ್ಟಿಗೆ, ಟೈಲ್ಸು, ಕಮೋಡಿನ ಚೂರು. ಬಜಾರದವರದು ಮಾತ್ರ ಇರಲಿಲ್ಲ. ನಮ್ಮ ಓಣಿಯವರೂ ತಮ್ಮ ಮನೆ ಒಡೆದದ್ದನ್ನು ಟ್ರ್ಯಾಕ್ಟರಿನ ಗದ್ದಲದಲ್ಲಿ ಸೇರಿಸಿದ್ದರು. ಯಾರ ಮನೆಯ ಬಣ್ಣ ಯಾವುದು, ಯಾರ ಬಚ್ಚಲಿನ ಟೈಲ್ಸಿನ ಮೇಲೆ ಯಾವ ಹೂವು ಎಂದು ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ?

ಮರುದಿನ ಮುಂಜಾನೆ ಆಕೆ ನೂಲು ತರುವ ಕೈಗಾಡಿಯನ್ನು ಹಳ್ಳಕ್ಕೆ ಒಯ್ದಳು. ತುಂಬಿಕೊಂಡು ಬಂದು ಹಸಿರು ಗೋಡೆಯವರ ಹೊಸ್ತಿಲ ಮುಂದೆ ಹಸಿರು ಗಚ್ಚಿನ ಗುಪ್ಪೆ ಹಾಕಿದಳು. ಮನೆಯಾಕೆ ಹೊರಗೆ ಬಂದು ಕೂಗಾಡಿದಳು.

"ಏ, ಏನ್ ಹಚ್ಚಿದಿ ಮುದುಕಿ? ಅಂಗಳಾ ಸಾರಿಸೇನಿ ಈಗ!"

"ನಿಮ್ಮದು ಬಿಟ್ಟ ಹೋಗಿತ್ತವಾ. ಹಳ್ಳದಾಗ ಸಿಕ್ಕತು. ತಂದ ಕೊಟ್ಟೇನಿ. ಕಳಕೊಂಡದ್ದು ತಂದ ಕೊಟ್ರ ಬೈತಾರೇನ ಯಾರಾರ?"

ಓಣಿ ತುಂಬ ಹೀಗೆ ಹಂಚಿದಳು. ನೀಲಿಯವರಿಗೆ ನೀಲಿ, ಹಳದಿಯವರಿಗೆ ಹಳದಿ. ನಾನು ಕಿಟಕಿಯಿಂದ ನೋಡಿ ಸೆರಗು ಬಾಯಿಗಿಟ್ಟು ನಕ್ಕೆ. ಅಷ್ಟರಲ್ಲಿ ನನ್ನ ಬಾಗಿಲಿಗೂ ಗಾಡಿ ಬಂತು. ನಿಮ್ಮ ಅಪ್ಪ ಅಡುಗೆಮನೆ ಒಡೆಸಿದಾಗಿನ ಬಿಳಿ ಗಚ್ಚು! ಗೌಂಡಿಯ ಆಳುಗಳು ಎಲ್ಲಿ ಒಯ್ದು ಚೆಲ್ಲಿದರು ಎಂದು ಅವನೂ ಕೇಳಿರಲಿಲ್ಲ.

"ಅಕ್ಕಾ, ನಮಗೂ ಏನ?"

"ನೀ ಮಾತಾಡದಿದ್ರ ನಿನ್ನ ಕಲ್ಲ ಹಳ್ಳದಾಗ ಮೂಕ ಇರತಾವೇನ? ತಗೋ."

ಕೊನೆಯ ಗಾಡಿ ಮೆಂಬರನ ಮನೆಗೆ, ನಾನೂ ಹಿಂದೆ ಹೋದೆ. ಅವನ ಮನೆಯ ಬಚ್ಚಲಿನ ಗುಲಾಬಿ ಟೈಲ್ಸು ಊರಿಗೇ ಗೊತ್ತಿದ್ದದ್ದು. ಹಾಕಿಸಿದಾಗ ಕರೆದು ಕರೆದು ತೋರಿಸಿದ್ದರು. ಈಗ ಅದನ್ನು ಒಡೆದು ಬೇರೆ ಹಾಕಿಸಿದ್ದರು. ಅವನು ಬಿಳಿ ಅಂಗಿ ಹಾಕಿಕೊಂಡು ಹೊರಗೆ ಹೊರಟಿದ್ದ. ನಾಲ್ಕು ಜನ ಅವನನ್ನು ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದರು. ಅವರೆಲ್ಲರ ನಡುವೆ ಆಕೆ ಗಾಡಿ ಮಗುಚಿದಳು.

"ಏನ ಆಯಿ ಇದು?" ಎಂದ ಅವನು, ನಗುತ್ತಲೇ.

"ನಿಮ್ಮ ಬಚ್ಚಲರೀ ಮೆಂಬರ ಸಾಹೇಬ್ರ. ಹಳ್ಳಕ್ಕ ಜಳಕಕ್ಕ ಬಂದಿತ್ತು. ನಮ್ಮ ಮನ್ಯಾಗ ನೀರ ಬಿಟ್ಟ, ತಾ ಕುಂತಿತ್ತು."

ಕಟ್ಟೆಯ ಮೇಲಿದ್ದವರು ನಗು ತಡೆಯಲು ಕೆಮ್ಮಿದರು. ಮೆಂಬರನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಮುಖ ಕೆಂಪಾಗಿ ಒಳಗೆ ಸರಿದಳು. ಅವನು ಮಾತ್ರ ನಗುವುದನ್ನು ನಿಲ್ಲಿಸಲಿಲ್ಲ. ಆ ನಗು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಬಯ್ದಿದ್ದರೆ ಒಳ್ಳೆಯದಿತ್ತು. "ಆಯಿಗೆ ವಯಸ್ಸಾತು" ಎಂದ. ಅಂದು ಸಂಜೆಯ ಹೊತ್ತಿಗೆ ಓಣಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು: ಮುದುಕಿಗೆ ತಲೆ ಕೆಟ್ಟಿದೆ. ಹಳ್ಳ ತುಂಬಿದವರಿಗೆ ತಲೆ ಸರಿಯಿತ್ತು, ಹಳ್ಳ ತೆಗೆದವಳಿಗೆ ಕೆಟ್ಟಿತ್ತು.

ಆಕೆ ಬರಿಯ ಜಗಳಗಂಟಿ ಎಂದು ನೀವು ತಿಳಿಯಬೇಡಿ. ತಂದು ಹಾಕಿದ ಕಲ್ಲನ್ನು ಏನು ಮಾಡಬೇಕು ಎಂದೂ ಆಕೆಯೇ ಹೇಳುತ್ತಿದ್ದಳು. ನಿಮ್ಮ ಅಪ್ಪ ಮುಂದಿನ ಕೋಣೆ ಕಟ್ಟಿಸುವಾಗ ನೆಲ ಎತ್ತರಿಸಲು ಗುಡ್ಡದಿಂದ ಮುರುಮ ತರಿಸಲು ಹೊರಟಿದ್ದ. ಮುರುಮ ಎಂದರೆ ಗುಡ್ಡ ಅಗೆದು ತರುವ ಕೆಂಪು ಗರಸು ಮಣ್ಣು; ಇಲ್ಲಿ ಎಲ್ಲರೂ ನೆಲದಡಿ ಅದನ್ನೇ ತುಂಬುತ್ತಾರೆ. ಆಕೆ ಸೊಂಟಕ್ಕೆ ಕೈಯಿಟ್ಟು ಬಂದು ನಿಂತಳು.

"ಏ ಮಗನ, ಗುಡ್ಡಾ ಕಡದು ಮನಿ ತಳಕ್ಕ ಹಾಕ್ತೀ, ಮನಿ ಕೆಡವಿ ಹಳ್ಳಕ್ಕ ಹಾಕ್ತೀ. ನಾಳೆ ಗುಡ್ಡಾನೂ ಇರಂಗಿಲ್ಲ, ಹಳ್ಳಾನೂ ಇರಂಗಿಲ್ಲ. ನಿನ್ನ ಮಕ್ಕಳಿಗಿ ಏನ ತೋರಸ್ತೀ, ಟೈಲ್ಸ್ ತೋರಸ್ತೀ?"

"ಈ ಗಚ್ಚ ಹಾಕಿದ್ರ ನೆಲಾ ಕುಸಿತೈತಿ ಆಯಿ."

"ದಪ್ಪ ದಪ್ಪ ಹಾಕಿದ್ರ ಕುಸಿತೈತಿ. ಒಡದ ಸಣ್ಣ ಮಾಡಿ ಹಾಕ, ನೀರ ಹೊಡಿ, ಗುದ್ದಸು. ಕುಸದ್ರ ಬಂದು ನನ್ನ ಕೊಳ್ಳಾಗ ಹಾರ ಹಾಕ, ಚಪ್ಪಲಿದು."

ದಿನವೆಲ್ಲ ಆಳುಗಳ ತಲೆಯ ಮೇಲೆ ನಿಂತು ಒಡೆಸಿದಳು, ಗುದ್ದಿಸಿದಳು, ನಮ್ಮ ಮನೆಯ ಚಹಾ ಕುಡಿದು ಸಕ್ಕರೆ ಕಡಿಮೆಯಾಯಿತು ಎಂದು ಬಯ್ದಳು. ನಾನು ಈಗ ಕೂತು ಬರೆಯುತ್ತಿರುವುದು ಅದೇ ಕೋಣೆಯಲ್ಲಿ. ನೆಲ ಎಲ್ಲೂ ಕುಸಿದಿಲ್ಲ. ಆಕೆಯ ಬಾಯಿಗೆ ಹೆದರಿ ಇನ್ನೂ ಒಂದೆರಡು ಮನೆಯವರು ಹಾಗೇ ಮಾಡಿದರು. ಆದರೆ ಒಬ್ಬ ಮುದುಕಿಯ ಬಾಯಿಗೆ ಎಷ್ಟು ಟ್ರ್ಯಾಕ್ಟರು ನಿಂತಾವು?

ದೊಡ್ಡ ಮೊಮ್ಮಗಳೇ, ನಿನಗೆ ನೆನಪಿರಬೇಕು. ನೀನು ರಜೆಗೆ ಬಂದಾಗ ನಿನ್ನ ಮೊಬೈಲಿನಲ್ಲಿ ಆಕೆಗೆ ಒಂದು ವಿಡಿಯೋ ತೋರಿಸಿದ್ದೆ. ದೊಡ್ಡ ಊರುಗಳಲ್ಲಿ ಒಡೆದ ಕಾಂಕ್ರೀಟನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿ, ಮರಳು ಜಲ್ಲಿ ಬೇರೆ ಮಾಡಿ, ಅದರಿಂದಲೇ ಫುಟ್‌ಪಾತಿಗೆ ಹಾಸುವ ಕಲ್ಲು ಒತ್ತುತ್ತಾರೆ ಎಂದು. ಆಕೆ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ತಿರಗಿ ಹಚ್ಚ ಬೇ" ಎಂದಳು. ಮತ್ತೆ ನೋಡಿದಳು. ಆಮೇಲೆ ನನ್ನನ್ನು ಎಬ್ಬಿಸಿಕೊಂಡು ಪುರಸಭೆ ಕಚೇರಿಗೆ ಹೊರಟಳು.

ಕಚೇರಿಯಲ್ಲಿ ಸಾಹೇಬರು ಒಳ್ಳೆಯ ಮಾತಿನವರೇ. ಕುರ್ಚಿ ಕೊಟ್ಟರು.

"ನೋಡವಾ, ಅಂಥಾ ಮಷೀನ ದೊಡ್ಡ ಊರಿಗಿ ಬರತಾವ. ನಮ್ಮದು ಸಣ್ಣ ಊರು."

ತುಟಿಯೊಳಗಿನ ತಂಬಾಕು ಸರಿಯಿತು. "ಮಷೀನಿಗಿ ಸಣ್ಣ ಊರ. ಮನಿ ಕೊಯ್ದು ರಸ್ತಾ ಮಾಡಾಕ ದೊಡ್ಡ ಊರ. ಕಸಾ ಮಾಡೂದ್ರಾಗ ದೊಡ್ಡದಾಗೇತಿ, ಕಸಾ ತಗಿಯೂದ್ರಾಗ ಇನ್ನೂ ತೊಟ್ಟಿಲದಾಗ ಐತೇನ್ರೀ ಈ ಊರ?"

ಸಾಹೇಬರು ನಕ್ಕರು. "ಮಷೀನ ಬ್ಯಾಡಾ ಬಿಡ್ರಿ," ಎಂದಳು ಆಕೆ. "ಒಂದ ಜಾಗಾ ತೋರಸ್ರಿ. ಎಲ್ಲಾರೂ ಅಲ್ಲಿ ಹಾಕಲಿ. ಬೇಕಾದವ್ರು ಒಯ್ದು ನೆಲಕ್ಕ ತುಂಬಕೊಳ್ಳಿ."

"ಜಾಗಾನ ಇಲ್ಲಲ್ಲವಾ."

"ಹಂಗಾರ ನಮ್ಮ ಹಳ್ಳಾ ಜಾಗಾ ಅಂತ ನಿಮಗ ಯಾರ ಹೇಳಿದ್ರು?"

ಸಾಹೇಬರು ಬೇರೆ ಫೈಲು ಎಳೆದುಕೊಂಡರು. ಮಾಡೋಣ, ನೋಡೋಣ, ಹೇಳುತ್ತೇನೆ. ನಾವು ಹೊರಗೆ ಬಂದೆವು. ಮೆಟ್ಟಿಲ ಮೇಲೆ ಆಕೆ ಕೂತುಬಿಟ್ಟಳು. ಕಾಲು ಬಾತಿದ್ದವು. ನೀರಿನಲ್ಲಿ ನಿಂತು ನಿಂತು ಬೆರಳುಗಳ ಸಂದಿ ಹುಣ್ಣಾಗಿತ್ತು. "ಮೂಕಿ, ಅಲ್ಲೆ ಒಂದ ಮಾತ ಆಡಬಾರದಾಗಿತ್ತೇನ ಬೇ?" ಎಂದಳು. ಬಯ್ಯುವ ದನಿಯಲ್ಲಿ ಅಲ್ಲ; ಬಹಳ ದಣಿದಿದ್ದಳು. ಆಮೇಲೆ ತಾನೇ "ಬಿಡ, ನಾ ಆಡಿದ್ದ ಎಷ್ಟ ಕೇಳಿದ್ರು?" ಎಂದು ಎದ್ದಳು.

ಅಲ್ಲಿಂದಾಚೆ ಓಣಿ ಆಕೆಯನ್ನು ದೂರ ಇಟ್ಟಿತು. ಸೀಮಂತಕ್ಕೆ ಕರೆಯಲಿಲ್ಲ, ಹಬ್ಬದ ಹೋಳಿಗೆ ಕಳಿಸಲಿಲ್ಲ. ಸೀರೆ ನೇಯಿಸುತ್ತಿದ್ದ ಅಂಗಡಿಯವರೂ ಬಜಾರದವರೇ, ಅವರ ಗಚ್ಚೂ ಹಳ್ಳದಲ್ಲಿತ್ತು. ಅವರು ನೂಲು ಕೊಡುವುದನ್ನು ಕಡಿಮೆ ಮಾಡಿದರು. ಜಮಖಂಡಿಯ ಒಬ್ಬರು ಕೊಡುತ್ತಿದ್ದುದರಿಂದ ಮಗ್ಗ ಉಳಿಯಿತು. ಕೈಗಾಡಿ ಹಳ್ಳಕ್ಕೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಒಂದು ಗಾಡಿ ತೆಗೆದರೆ ಒಂದು ಟ್ರ್ಯಾಕ್ಟರ್ ಬೀಳುತ್ತಿತ್ತು.

ಈಚೆಗೆ ಮೆಂಬರ ಹಳ್ಳದ ದಂಡೆಯಲ್ಲೇ ಮಳಿಗೆಗಳನ್ನು ಎಬ್ಬಿಸಿದ. ತಾನೇ ಸುರಿದ ಕಲ್ಲಿನ ಮೇಲೆ ತಾನೇ ಕಟ್ಟಿದ. ಆಗ ನಮಗೆ ಅರ್ಥವಾಯಿತು. ಕಸ ಚೆಲ್ಲುತ್ತಿದ್ದಾನೆ ಎಂದು ನಾವು ಅಂದುಕೊಂಡಿದ್ದೆವು. ಅವನು ಜಾಗ ಮಾಡಿಕೊಳ್ಳುತ್ತಿದ್ದ. ಹಳ್ಳ ಒಂದು ಮೊಳದ ಕಾಲುವೆಯಾಯಿತು.

ಕಳೆದ ಮಳೆಗಾಲದಲ್ಲಿ ನೀರು ನಮ್ಮ ಓಣಿಗೆ ನದಿಯಂತೆ ನುಗ್ಗಿತು. ನಾವೆಲ್ಲ ಮಂಚದ ಮೇಲೆ ಸಾಮಾನು ಏರಿಸಿಕೊಂಡೆವು. ಆಕೆ ಎಲ್ಲ ಬಿಟ್ಟು ಮಗ್ಗಕ್ಕೆ ಓಡಿದಳು. ಜಮಖಂಡಿಯವರು ಕೊಟ್ಟ ನೂಲು ಹಾಸಿತ್ತು, ಅರ್ಧ ಸೀರೆ ಆಗಿತ್ತು. ತಗ್ಗು ಆಗಲೇ ತುಂಬಿತ್ತು. ಅದರೊಳಗೆ ಇಳಿದು, ಎದೆಮಟ್ಟ ನೀರಿನಲ್ಲಿ ನಿಂತು, ನೂಲನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ನಿಮ್ಮ ಅಪ್ಪ ಹೋಗಿ ಕಂಕುಳಲ್ಲಿ ಕೈಹಾಕಿ ಎತ್ತುವಾಗಲೂ ಬಯ್ಯುತ್ತಿದ್ದಳು: "ನನ್ನ ಬಿಡಲೇ, ಮೊದಲ ನೂಲ ಹಿಡಿ!" ನೂಲು ಉಳಿಯಲಿಲ್ಲ. ತಗ್ಗಿನ ಗೋಡೆ ಒಳಗೆ ಕುಸಿದು ಮಗ್ಗದ ಕಂಬ ವಾಲಿತು. ಆಕೆಗೆ ಚಳಿಜ್ವರ ಬಂತು. ಇಳಿಯಿತು, ಮತ್ತೆ ಬಂತು. ಕಾಲಿನ ಹುಣ್ಣು ಮೇ‌ಲೇರಿತು. ಆಸ್ಪತ್ರೆಗೆ ಒಯ್ದೆವು, ತಂದೆವು. ಮಗ್ಗದ ಸದ್ದು ಮತ್ತೆ ಕೇಳಲಿಲ್ಲ. ಈ ಬೇಸಿಗೆಯಲ್ಲಿ, ನೀವು ರಜೆ ಮುಗಿಸಿ ಹೋದ ಮೇಲೆ, ಒಂದು ಮುಂಜಾನೆ ನಾನು ಅಂಬಲಿ ಒಯ್ದಾಗ ಆಕೆ ಹೋಗಿದ್ದಳು. ಕೆಳದುಟಿಯಲ್ಲಿ ತಂಬಾಕು ಇತ್ತು. ನಾನೇ ಬೆರಳು ಹಾಕಿ ತೆಗೆದೆ.

ವಯಸ್ಸಾಗಿತ್ತು ಎಂದರು. ಜ್ವರ ಎಂದರು. ನನಗೆ ಗೊತ್ತು ಏನೆಂದು.

ನಮ್ಮಲ್ಲಿ ಕೂಡಿಸಿ ಹೂಳುತ್ತಾರೆ, ಹೆಂಗಸರೂ ಮಣ್ಣು ಕೊಡಲು ಹೋಗುತ್ತೇವೆ. ರುದ್ರಭೂಮಿ ಹಳ್ಳದ ಆಚೆ ದಂಡೆ. ಮುಧೋಳದ ತಮ್ಮನ ಮಗ ಬಂದಿದ್ದ. ಮೆಂಬರನೂ ಹೆಂಡತಿಯೊಡನೆ ಬಂದಿದ್ದ, ದೊಡ್ಡ ಹಾರ ತಂದಿದ್ದ. ತೋಡುವವರು ಒಂದು ಕಡೆ ಹಾರೆ ಹಾಕಿದರು, ಠಣ್ ಎಂದಿತು. ಸ್ಲ್ಯಾಬು. ಜಾಗ ಬದಲಿಸಿದರು, ಮತ್ತೆ ಠಣ್. ಹಳ್ಳ ತುಂಬಿದ ಮೇಲೆ ಟ್ರ್ಯಾಕ್ಟರುಗಳು ರುದ್ರಭೂಮಿಗೂ ಬಂದಿದ್ದವು, ಮೇಲೆ ತೆಳ್ಳಗೆ ಮಣ್ಣು ಎಳೆದು ಸಾಪು ಮಾಡಿದ್ದರು. ಜೀವ ಇದ್ದವರಿಗೆ ಅದು ಗೊತ್ತೇ ಇರಲಿಲ್ಲ. ಎಲ್ಲಿ ತೋಡಿದರೂ ಗಚ್ಚು, ಇಟ್ಟಿಗೆ, ಗಾಜು. ಹೇಗೋ ಒಡೆದು ಆಳ ಮಾಡಿದರು, ಆಕೆಯನ್ನು ಒಳಗೆ ಕೂಡಿಸಿದರು. ಈಗ ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಡಬೇಕು, ಆಮೇಲೆ ಮುಚ್ಚಬೇಕು. ತೋಡಿ ತೆಗೆದ ರಾಶಿಯಲ್ಲಿ ಮಣ್ಣೇ ಕಾಣಲಿಲ್ಲ. ತಮ್ಮನ ಮಗ ಬಗ್ಗಿ ಹಿಡಿ ತೆಗೆದ. ಅವನ ಕೈಯಲ್ಲಿ ಟೈಲ್ಸಿನ ಚೂರು ಬಂತು. ಅದನ್ನು ಹೊರಳಿಸಿ ನೋಡಿ ನಮ್ಮ ಕಡೆ ತಿರುಗಿದ.

ಮೆಂಬರ ಮೊಬೈಲ್ ಕಿಸೆಗೆ ಹಾಕಿ ಮುಂದೆ ಬಂದ. "ಚಿಂತಿ ಮಾಡಬ್ಯಾಡ್ರಿ. ಗುಡ್ಡದಿಂದ ಒಂದ ಟ್ರಿಪ್ ಮುರುಮ ತರಸ್ತೀನಿ. ನನ್ನ ಕಡಿಂದ ಆಯಿಗೆ."

ಜನ ತಲೆ ಅಲ್ಲಾಡಿಸಿದರು. ಒಬ್ಬರು ದೊಡ್ಡ ಮನಸ್ಸು ಎಂದೂ ಅಂದರು.

"ಬ್ಯಾಡ."

ಎಲ್ಲರೂ ತಿರುಗಿ ನೋಡಿದಾಗಲೇ ನನಗೆ ಗೊತ್ತಾದದ್ದು, ಅಂದವಳು ನಾನು ಎಂದು. ಆದರೂ ಬಾಯಿ ನಿಲ್ಲಲಿಲ್ಲ.

"ನಿಮ್ಮ ಮುರುಮ ಬ್ಯಾಡ. ಈ ಗಚ್ಚೂ ಬ್ಯಾಡ. ಆಕಿ ಮ್ಯಾಲ ಇದನ್ನ ಹಾಕಾಕ ನಾ ಬಿಡಂಗಿಲ್ಲ. ಇದ್ರಾಗ ಮಣ್ಣ ಐತಿ. ಆರಿಸಿ ತಗೀತೀನಿ."

ರಾಶಿಯ ಪಕ್ಕದಲ್ಲಿ ಕೂತೆ. ಜೋಳದಲ್ಲಿ ಹರಳು ಆರಿಸುತ್ತೇವಲ್ಲ, ಹಾಗೆ ಆರಿಸತೊಡಗಿದೆ. ಗಚ್ಚು ಒಂದು ಕಡೆ, ಮಣ್ಣು ಒಂದು ಕಡೆ. ಒಬ್ಬಳು ಬಂದು ನನ್ನ ಎದುರಿಗೆ ಕೂತಳು. ತಲೆ ಎತ್ತಿದರೆ ಮೆಂಬರನ ಹೆಂಡತಿ. ಬಳೆ ಮೇಲೆ ಸರಿಸಿ ರಾಶಿಗೆ ಕೈ ಹಾಕಿದಳು. ಆಮೇಲೆ ಹಸಿರು ಮನೆಯಾಕೆ. ಆಮೇಲೆ ಓಣಿಯ ಹೆಂಗಸರೆಲ್ಲ.

"ಏಳ, ಹೊತ್ತಾತು. ನನಗ ಬೀಳಗಿಗಿ ಹೋಗೂದೈತಿ," ಎಂದ ಮೆಂಬರ ಹೆಂಡತಿಗೆ.

"ನೀವ ಹೋಗ್ರಿ."

"ಏನ ಹುಚ್ಚ ಹಿಡದೈತೇನ ನಿಮಗೆಲ್ಲಾ?"

"ಹೋಗ್ರಿ ಅಂದೆ," ಎಂದಳು ಅವಳು, ತಲೆ ಎತ್ತದೆ.

ಹಿಡಿ ಮಣ್ಣು ಕೊಡದೆಯೇ ಅವನು ಕಾರು ಹತ್ತಿ ಹೋದ. ಯಾರೂ ತಡೆಯಲಿಲ್ಲ. ಮೂರನೆಯ ದಿನ ಫ್ಲೆಕ್ಸ್ ಕಟ್ಟಿಸಿದ.

ನಾವು ಆರಿಸಿದೆವು. ಗಾಜಿಗೆ ಬೆರಳು ಕೊಯ್ದವು. ಗಂಡಸರು ಮೊದಲು ದೂರ ನಿಂತು ಗೊಣಗಿದರು, ಆಮೇಲೆ ಬುಟ್ಟಿ ಹಿಡಿದರು. ಹೊತ್ತು ಮುಳುಗುವ ಮೊದಲು ಆಕೆಯನ್ನು ಮುಚ್ಚುವಷ್ಟು ಮಣ್ಣು ಸಿಕ್ಕಿತು. ಒಂದು ಚೂರು ಗಚ್ಚೂ ಆಕೆಯ ಮೇಲೆ ಬೀಳಲಿಲ್ಲ.

ನೀವು ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಆರಿಸಿ ತೆಗೆದದ್ದು ಇನ್ನೂ ಅಲ್ಲೇ ಬಿದ್ದಿದೆ, ಯಾರೂ ಎತ್ತಿಲ್ಲ. ಪಕ್ಕಪಕ್ಕದಲ್ಲಿ ಎರಡು ದಿಬ್ಬ ಕಾಣುತ್ತವೆ. ಸಣ್ಣದು ಆಕೆಯದು.